ಎಕರೆಗೆ 450 ರೂಪಾಯಿಯ ಉಪಗ್ರಹ ಸಲಹೆ: ಮೂರು ಮುಂಗಾರಿನ ಅನುಭವ

ಜಗಳೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಮೆಕ್ಕೆಜೋಳದ ಹೊಲ. ಉಪಗ್ರಹದ ಚಿತ್ರ ನೋಡಿ ಬೆಳೆ ಸಲಹೆ ಕೊಡುವ ಒಂದು ಕಂಪನಿಗೆ 2021ರಿಂದ ಮೂರು ಮುಂಗಾರು ಚಂದಾ ಕಟ್ಟಿದ್ದೆ. ತಗೊಳ್ಳೋದಾ ಬಿಡೋದಾ ಅಂತ ಅಕ್ಕಪಕ್ಕದ ಹೊಲದವರು ಕೇಳ್ತಾನೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಕರೆಗೆ 200 ರೂಪಾಯಿ. ಮೊಬೈಲಿಗೆ ಹೊಲದ ನಕ್ಷೆ ಬರುತ್ತಿತ್ತು, ಪುಟ್ಟ ಪುಟ್ಟ ಚೌಕಗಳಾಗಿ. ಆ ಚಿತ್ರ ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳದ್ದು. ಒಂದು ಚೌಕ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ! ನಾಲ್ಕು ಎಕರೆಗೆ 160 ಚೌಕ. ಗುಂಟೆ ಲೆಕ್ಕದಲ್ಲೇ ಬದುಕಿದವನಿಗೆ ಆ ನಕ್ಷೆ ಪಹಣಿಯಷ್ಟೇ ಸಲೀಸಾಗಿ ಓದಲಿಕ್ಕೆ ಬಂತು.

ಆಗಸ್ಟಿನಲ್ಲಿ ಒಂದು ದಿನ ಬಡಗಣ ಬದುವಿನ ಹತ್ತಿರ ಮೂರು ಚೌಕ ಹಳದಿಯಾದವು. ಕಂಪನಿಯ ಹುಡುಗ ಬೈಕಿನಲ್ಲಿ ಬಂದ. ಇಬ್ಬರೂ ಸಾಲಿನೊಳಗೆ ಹೋಗಿ ನೋಡಿದರೆ, ಕೆಳಗಿನ ಎಲೆಗಳ ತುದಿಯಿಂದ ನಡುನರದ ಗುಂಟ ಹಳದಿ ಬಣ್ಣ ಬಾಣದ ಹಾಗೆ ಒಳಗಿಳಿದಿತ್ತು. ಕಾಲಿಟ್ಟರೆ ಕೆಸರು. ಹಳೇ ಬದು ಕಿತ್ತು ಸಮ ಮಾಡಿದ ಜಾಗದಲ್ಲಿ ಮಳೆನೀರು ನಿಂತು ಸಾರಜನಕ ಕೊಚ್ಚಿಹೋಗಿತ್ತು. ಬಸಿಗಾಲುವೆ ತೆಗೆದು, ಆ ಮೂರು ಗುಂಟೆಗೆ ಮಾತ್ರ ಯೂರಿಯಾ ಕೊಟ್ಟೆವು. ಹದಿನೈದು ದಿನಕ್ಕೆ ಬೆಳೆ ಎದ್ದಿತು. ಆ ವರ್ಷದ ಚಂದಾ ಅಲ್ಲಿಗೇ ತೀರಿತು ಅಂದುಕೊಂಡೆ.

2022ರ ಜುಲೈನಲ್ಲಿ ಮೂರು ವಾರ ಮೋಡ ಕದಲಲಿಲ್ಲ, ಚಿತ್ರವೂ ಬರಲಿಲ್ಲ. ಈ ಉಪಗ್ರಹಕ್ಕೆ ಮೋಡದಾಚೆ ಕಾಣುವುದಿಲ್ಲ, ಚಂದಾ ಕಟ್ಟುವವರಿಗೆ ಇದನ್ನು ಮೊದಲೇ ಹೇಳಬೇಕು. ಲದ್ದಿ ಹುಳ ಸುಳಿಯೊಳಗೆ ಕೂತು ತಿನ್ನುತ್ತಿದ್ದುದನ್ನು ಕಂಡದ್ದು ನನ್ನ ಹೆಂಡತಿ, ಕಳೆ ತೆಗೆಯುವಾಗ.

2023ರಲ್ಲಿ ಎಕರೆಗೆ 450 ಅಂದರು. ಹುಡುಗನನ್ನೂ ಕೆಲಸದಿಂದ ತೆಗೆದಿದ್ದರು. ಫೋನ್ ಮಾಡಿದರೆ, ಹೂಡಿಕೆದಾರರು ಮುಂದಿನ ಕಂತು ಕೊಡಲಿಲ್ಲ, ಏನು ಮಾಡೋದು ಸರ್ ಅಂದರು. ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು, ಆ ಮಾತಿನ ಅರ್ಥ ನನಗೆ ಗೊತ್ತು. ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, 2022ರ ಮೇ ತಿಂಗಳ ಮೊದಲಿಗೆ ಶೇ. 4 ಇತ್ತು, ಮುಂದಿನ ಫೆಬ್ರವರಿಗೆ ಶೇ. 6.5 ಆಯಿತು. ಅಮೆರಿಕದಲ್ಲಿ ಸೊನ್ನೆಯ ಹತ್ತಿರ ಇದ್ದ ಬಡ್ಡಿ ಶೇ. 5 ದಾಟಿತು. ಬಾಹ್ಯಾಕಾಶದ ವ್ಯವಹಾರ ಅಡಿಕೆ ಸಸಿ ಇಟ್ಟ ಹಾಗೆ, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಕೂತಲ್ಲೇ ಒಳ್ಳೆ ಬಡ್ಡಿ ಸಿಗುವಾಗ ಅಷ್ಟು ಕಾಯುವವರು ಯಾರು? ಉಪಗ್ರಹ ಹಾರಿಸುತ್ತಿದ್ದ ಅಮೆರಿಕದ ವರ್ಜಿನ್ ಆರ್ಬಿಟ್ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಮೊದಲು, 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ಹಣ ಹುಟ್ಟದೆ, ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಒನ್‌ವೆಬ್ ಕಂಪನಿ ಕೂಡ ಅದೇ ಹಾದಿ ಹಿಡಿದಿತ್ತು. ಅದನ್ನು ಎತ್ತಿ ನಿಲ್ಲಿಸಿದ್ದು ಬ್ರಿಟನ್ ಸರ್ಕಾರ ಮತ್ತು ಏರ್‌ಟೆಲ್‌ನ ನಮ್ಮ ಭಾರ್ತಿ ಕಂಪನಿ. ಆಮೇಲೆ ಅದರ 72 ಉಪಗ್ರಹಗಳನ್ನು ಇಸ್ರೋದ ಎಲ್‌ವಿಎಂ-3 ರಾಕೆಟ್ ಎರಡು ಸಲಕ್ಕೆ ಮೇಲೆ ಮುಟ್ಟಿಸಿತು.

ನಮ್ಮ ಕಂಪನಿಗೆ ಕಷ್ಟ ಬಂದದ್ದು ನಿಜ, ಒಪ್ಪುತ್ತೇನೆ. ಆದರೆ ಸೆಂಟಿನೆಲ್ ಚಿತ್ರಕ್ಕೆ ಅವರು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಯುರೋಪಿನ ಜನರ ತೆರಿಗೆಯಲ್ಲಿ ಹಾರಿದ ಉಪಗ್ರಹ ಅದು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ಬಡ್ಡಿ ಏರಿದರೂ ಐದು ದಿನಕ್ಕೊಮ್ಮೆ ನಮ್ಮ ಹೊಲದ ಮೇಲೆ ಹಾದೇ ಹೋಗುತ್ತಿತ್ತು. ಅಮೆರಿಕದವರು 1980ರ ದಶಕದಲ್ಲಿ ತಮ್ಮ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳ ಮಾರಾಟವನ್ನು ಖಾಸಗಿಯವರಿಗೆ ವಹಿಸಿದಾಗ ಒಂದೊಂದರ ಬೆಲೆ ಸಾವಿರಾರು ಡಾಲರಿಗೆ ಹೋಗಿತ್ತು. 2008ರಲ್ಲಿ ಉಚಿತ ಮಾಡಿದ ಮೇಲೆಯೇ ಅವು ಎಲ್ಲರ ಕೈಗೆ ಬಂದದ್ದು. ಹಾಗಾಗಿ ನಾನು ದುಡ್ಡು ಕೊಡುತ್ತಿದ್ದದ್ದು ಕನ್ನಡದಲ್ಲಿ ಬರುವ ಸಲಹೆಗೆ, ಹೊಲಕ್ಕೆ ಬಂದು ಮಣ್ಣು ಮುಟ್ಟುವ ಆ ಹುಡುಗನಿಗೆ. ಅವನನ್ನೇ ತೆಗೆದು ಬೆಲೆಯನ್ನು ಎರಡು ಪಟ್ಟಿಗೂ ಮೀರಿ ಏರಿಸಿದ್ದು ಸರಿಯಲ್ಲ.

2023ರಲ್ಲಿ ಬರ. 160 ಚೌಕವೂ ಹಳದಿ. ಹೊಲ ಒಣಗಿದ್ದು ಮನೆ ಬಾಗಿಲಿಂದಲೇ ಕಾಣುತ್ತಿತ್ತು. ದನದ ಮೇವಿಗೆ ಈಗಲೇ ಕೊಯ್ಯಲೋ, ಇನ್ನೊಂದು ಮಳೆಗೆ ಕಾಯಲೋ ಅನ್ನುವುದು ನನ್ನ ಪ್ರಶ್ನೆ. ಬಂದ ಉತ್ತರ: ‘ಬೆಳೆಗೆ ತೇವಾಂಶದ ಕೊರತೆ ಇದೆ, ನೀರು ಕೊಡಿ.’ ಬೋರ್‌ವೆಲ್ ಬತ್ತಿ ತಿಂಗಳಾಗಿತ್ತು.

ಈಗ ಮಗಳು ದಾವಣಗೆರೆಯಲ್ಲಿ ಕೂತು ಉಚಿತ ಚಿತ್ರ ತೆಗೆದು ಕಳಿಸುತ್ತಾಳೆ, ಹಳದಿ ಕಂಡಲ್ಲಿಗೆ ನಾನೇ ಹೋಗಿ ನೋಡುತ್ತೇನೆ. ನೀರಾವರಿ ಇದ್ದು, ಹೊಲ ದೂರ ಇರುವವರು ಬೇಕಾದರೆ ಒಂದು ವರ್ಷ ಕಟ್ಟಿ ನೋಡಬಹುದು. ಕಂಪನಿಯವರು ಇದನ್ನು ಓದಿದರೆ, ಆ ಹುಡುಗನನ್ನು ಮತ್ತೆ ಕಳಿಸಿ. ಎಕರೆಗೆ 500 ಅಂದರೂ ಕೊಡುತ್ತೇನೆ.