ರುಚಿಗೆ ಸ್ಕ್ರೂ ತಿರುಗಿಸಿದ್ರೆ ಯುರೇನಿಯಂ ವಾಪಸ್

ನೀರು ಶುದ್ಧ ಮಾಡೋ ಆರ್‌ಒ ಮಷೀನ್ ತಗೊಂಡು ಎಂಟು ತಿಂಗಳಾಯ್ತು. ಮಷೀನಿಗೆ ನಾಲ್ಕು ಸ್ಟಾರ್, ಮಾರಿದ ಅಂಗಡಿಗೆ ಒಂದು.

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆ ಕಡೆ ನಮ್ಮ ಮನೆ. ನಲ್ಲಿ ಬರದ ದಿನ 520 ಅಡಿ ಬೋರಿನ ನೀರೇ ಗತಿ. ಫ್ಲೋರೈಡ್ ಸುದ್ದಿ ಚಿಕ್ಕಂದಿನಿಂದ ಕೇಳಿದ್ದೇ. ಬಂಡೆಯಿಂದ ಯುರೇನಿಯಂ ಕೂಡ ಕರಗಿ ಬರುತ್ತೆ ಅಂತ ತಿಳಿದಿದ್ದು ನೀರನ್ನ ಬೆಂಗಳೂರಿನ ಲ್ಯಾಬಿಗೆ ಕಳಿಸಿದ ಮೇಲೆ: ಲೀಟರಿಗೆ 118 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 30, ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರೋದು 60. ವಿಕಿರಣಕ್ಕಿಂತ ಕಿಡ್ನಿಗೇ ಇದರ ಕಾಟ ಜಾಸ್ತಿಯಂತೆ.

ಅತ್ತೆ "ಕಾಯ್ಸಿ ಕುಡಿದ್ರಾಯ್ತು ಬಿಡು" ಅಂದ್ರು. ಕಾಯಿಸಿದ್ರೆ ನೀರು ಆವಿಯಾಗುತ್ತೆ, ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತೆ. ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ: "ಯುವಿ ಲೈಟು ಎಲ್ಲಾನೂ ಸಾಯಿಸುತ್ತೆ ಮೇಡಂ." ಸಾಯೋಕೆ ಅದೇನು ಕ್ರಿಮಿನಾ? ಕೆಲಸ ಮಾಡೋದು ಒಳಗಿರೋ ಆರ್‌ಒ ಮೆಂಬ್ರೇನ್, ಅಂದ್ರೆ ನೀರನ್ನ ಬಿಟ್ಟು ಕರಗಿರೋದನ್ನ ತಡೆಯೋ ತೆಳು ಪೊರೆ.

ಹಾಕಿದ ವಾರವೇ ಅತ್ತೆ ತಕರಾರು, "ನೀರು ಸಪ್ಪಗೈತೆ, ಚಾ ಕೂಡ ಹತ್ತಲ್ಲ." ಫಿಟ್ ಮಾಡಿದ ಹುಡುಗ ಬಂದು ಟಿಡಿಎಸ್ ಕಂಟ್ರೋಲರ್ ಅನ್ನೋ ಪುಟ್ಟ ಸ್ಕ್ರೂನ ಅರ್ಧ ಸುತ್ತು ತಿರುಗಿಸಿದ. ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನಂಶ, 45 ಇದ್ದಿದ್ದು 260ಕ್ಕೆ ಏರಿತು. ಅತ್ತೆಗೆ ಖುಷಿ, ನನಗೆ ಅನುಮಾನ. ಆ ನೀರನ್ನೂ ಲ್ಯಾಬಿಗೆ ಕಳಿಸಿದೆ. ಯುರೇನಿಯಂ 33!

ಆಗಿದ್ದಿಷ್ಟೇ. ಆ ಸ್ಕ್ರೂ ಬಿಚ್ಚಿದಷ್ಟೂ ಮೆಂಬ್ರೇನ್ ದಾಟದ ಬೋರ್ ನೀರು ಪಕ್ಕದ ಪೈಪಿಂದ ಬಂದು ಸೇರಿಕೊಳ್ಳುತ್ತೆ, ನಮ್ಮಲ್ಲಿ ಹೆಚ್ಚುಕಮ್ಮಿ ಕಾಲು ಭಾಗ. ಅದರ ಜೊತೆ ಯುರೇನಿಯಮ್ಮೂ. ಕೈಯಲ್ಲಿ ಹಿಡಿಯೋ ಟಿಡಿಎಸ್ ಮೀಟರ್ ಕರಗಿದ ಉಪ್ಪಿನ ಒಟ್ಟು ಲೆಕ್ಕ ಹೇಳುತ್ತೆ, ಯುರೇನಿಯಂ ಎಷ್ಟು ಅನ್ನೋದನ್ನಲ್ಲ. ಸ್ಕ್ರೂ ಪೂರ್ತಿ ಬಿಗಿ ಮಾಡಿಸಿ ಮೂರನೇ ಸಲ ಕಳಿಸಿದಾಗ 4 ಬಂತು. ಇದನ್ನ ಅಂಗಡಿಯಲ್ಲಿ ಹೇಳಿದ್ರೆ "ರುಚಿ ಬೇಕು ಅಂದೋರು ನೀವೇ ತಾನೇ" ಅಂದ. ಅದಕ್ಕೇ ಒಂದು ಸ್ಟಾರ್.

ಅರ್ಧ ಸ್ಟಾರ್ ಕಳೆದಿದ್ದು ಮಷೀನ್ ಹೊರಗೆ ಬಿಡೋ ನೀರಿಗೆ, ಒಂದು ಬಿಂದಿಗೆ ಕುಡಿಯೋಕೆ ಸಿಕ್ರೆ ಎರಡು ಹೊರಗೆ. ಅದರಲ್ಲಿ ಯುರೇನಿಯಂ ಇನ್ನೂ ಗಟ್ಟಿಯಾಗಿರುತ್ತೆ, ಅಡಿಗೆಗೆ ಬೇಡ. ನಾವು ಪಾಯಿಖಾನೆಗೆ ಬಳಸ್ತೀವಿ. ಇನ್ನರ್ಧ, ಕರೆಂಟ್ ಹೋದ್ರೆ ಮಷೀನೂ ಸುಮ್ಮನಾಗೋದಕ್ಕೆ.

ಅತ್ತೆ ಈಗ ಚಾಕ್ಕೆ ಶುಂಠಿ ಜಾಸ್ತಿ ಜಜ್ಜಿ ಹಾಕ್ತಾರೆ. ಆ ಸ್ಕ್ರೂಗೆ ನಾನು ಇನ್ಸುಲೇಷನ್ ಟೇಪ್ ಸುತ್ತಿಬಿಟ್ಟಿದ್ದೀನಿ.