ಮೂಲೆಮಟ್ಟ ಇಲ್ಲದ ಬಚ್ಚಲಿಗೆ ಟೈಲ್ಸ್: ದಪ್ಪ ಮಾಲೋ, ಹೊಸ ಗಿಲಾವೋ, ಓರೆ ಕೊಯ್ತವೋ?

ಬಾಗಲಕೋಟೆ, ಗುಳೇದಗುಡ್ಡ ಕಡೆಯ ಹಳೇ ಕಲ್ಲಿನ ಮನೆಗಳಲ್ಲಿ ಬಚ್ಚಲ ಗೋಡೆ ನೆಟ್ಟಗಿರುವುದು ಅಪರೂಪ. ಮೂಲೆಮಟ್ಟ, ಅಂದರೆ ಮೂಲೆ 90 ಡಿಗ್ರಿ ಇದೆಯೋ ಎಂದು ನೋಡಲು, ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ. ನಡುವಿನ ಅಳತೆ 5 ಅಡಿ ಬರಬೇಕು. ಒಂದು ಇಂಚು ಹೆಚ್ಚಾದರೆ ಮೂಲೆ ಸುಮಾರು 2 ಡಿಗ್ರಿ ಬಾಯಿಬಿಟ್ಟಿದೆ, 6 ಅಡಿ ಗೋಡೆಯ ತುದಿಗೆ ಅದು ಎರಡೂವರೆ ಇಂಚು. ಆದರೆ ಈ ದೋಷ ಕಾಡುವುದು ನೆಲದ ಟೈಲ್ಸನ್ನು. ಗೋಡೆಯವಕ್ಕೆ ಬೇಕಾದದ್ದು ತೂಗುಗುಂಡಿನ ನೇರ, ಉಬ್ಬುತಗ್ಗಿಲ್ಲದ ಮೈ.

ದಪ್ಪ ಮಾಲು ನಮ್ಮ ಗೌಂಡಿಗಳ ರೂಢಿ: 1:4 ಸಿಮೆಂಟು-ಉಸುಕು ಬೆನ್ನಿಗೆ ಹಚ್ಚಿ ಬಡಿದು ಕೂಡಿಸುವುದು. ಮಾಲಿನ ದಪ್ಪ 15 ಮಿ.ಮೀ. ಒಳಗಿದ್ದರೆ, ನೀರಲ್ಲಿ ನೆನೆಸಿದ ಸಿರಾಮಿಕ್ ಟೈಲ್ಸಿಗೆ ನಡೆಯುತ್ತದೆ. ಒಂದು ಕಡೆ 10, ಇನ್ನೊಂದು ಕಡೆ 35 ಆಯಿತೋ, ದಪ್ಪ ಕಡೆ ಜಾರುತ್ತದೆ, ಒಣಗುವಾಗ ಕುಗ್ಗಿ ಬೆನ್ನು ಬಿಡುತ್ತದೆ. ವಿಟ್ರಿಫೈಡ್ (ಒತ್ತಾಗಿ ಸುಟ್ಟ ಗಟ್ಟಿ) ಟೈಲ್ಸ್ ಹೀರುವ ನೀರು 0.5 ಶೇಕಡಾಕ್ಕಿಂತ ಕಡಿಮೆ; ಅದಕ್ಕೆ ಬರೀ ಸಿಮೆಂಟು ಹಿಡಿಯುವುದಿಲ್ಲ.

ವಾಲು ಒಂದು ಇಂಚಿನ ಆಸುಪಾಸಿದ್ದರೆ ಹೊಸ ಗಿಲಾವೇ ಸರಿ. 20 ಮಿ.ಮೀ. ಮೀರಿದರೆ ಎರಡು ಪದರ. ಮೊದಲನೆಯದನ್ನು ಗೀರಿ, ಮರುದಿನ ಎರಡನೆಯದು. ಇನ್ನೂ ದಪ್ಪವಿದ್ದರೆ ಒಳಗೆ ಕೋಳಿ ಜಾಳಿಗೆ (ತೆಳು ತಂತಿಯ ಬಲೆ). ಏಳು ದಿನ ನೀರುಣಿಸಿ, ಆಮೇಲೆ ಹಲ್ಲಿನ ಕರಣೆಯಿಂದ ಟೈಲ್ಸ್ ಅಂಟು. 20 ಕೆ.ಜಿ. ಚೀಲ 3 ಮಿ.ಮೀ. ದಪ್ಪಕ್ಕೆ 45-50 ಚದರ ಅಡಿ ಬರುತ್ತದೆ. ತಗ್ಗು ತುಂಬಲು ಅದನ್ನೇ ಬಳಸಿದರೆ ದುಡ್ಡು ಗೋಡೆಗೆ ಹೋಯಿತು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಅಂಟಿನ ಮೇಲೆ ಬೇಗ ಕೆನೆಗಟ್ಟುತ್ತದೆ. ಬೆರಳಿಗೆ ಹತ್ತದಿದ್ದರೆ ಕೆರೆದು ತೆಗೆಯಿರಿ, ನೀರು ಬೆರೆಸಬೇಡಿ. ಗೋಡೆ ದಪ್ಪವಾದಷ್ಟು ನಳದ ಬಾಯಿ ಒಳಗೆ ಹೋಗುತ್ತದೆ, ಅದನ್ನು ಮುಂದಕ್ಕೆ ತರುವ ಎಕ್ಸ್‌ಟೆನ್ಷನ್ ನಿಪ್ಪಲ್ ಮೊದಲೇ ತಂದಿಡಿ.

ಓರೆ ಕೊಯ್ತ, ಅಂದರೆ ಗೋಡೆ ಹಾಗೇ ಬಿಟ್ಟು ಮೂಲೆಯ ಟೈಲ್ಸನ್ನು ವಾಲಿಗೆ ತಕ್ಕಂತೆ ಓರೆಯಾಗಿ ಕೊಯ್ದು ಕೂಡಿಸುವುದು, ಅಗ್ಗ. 7 ಅಡಿಗೆ ಅರ್ಧ ಇಂಚಿನೊಳಗೆ ವಾಲಿದ್ದರೆ, ಮೈ ಸಮವಿದ್ದರೆ, ಇದೇ ಸಾಕು. ಬಾಗಿಲಿಂದ ಕಾಣುವ ಮೂಲೆಯ ಹತ್ತಿರ ತೂಗುಗುಂಡಿನ ಗೆರೆ ಎಳೆದು ಇಡೀ ಟೈಲ್ಸ್ ಅಲ್ಲಿಂದ ಶುರುಮಾಡಿ, ಕೊಯ್ದ ತುಂಡನ್ನು ಬಾಗಿಲ ಹಿಂದಿನ ಮೂಲೆಗೆ ತಳ್ಳಿ. ಪ್ರತಿ ಸಾಲಿಗೂ ಮೇಲೆ-ಕೆಳಗೆ ಬೇರೆಬೇರೆ ಅಳೆಯಬೇಕು. ಒಂದೇ ಅಳತೆಗೆ ಎಲ್ಲ ಕೊಯ್ದಿಟ್ಟರೆ ಅರ್ಧ ಕಸಕ್ಕೆ. ತುಂಡು 3 ಇಂಚಿಗಿಂತ ಸಣ್ಣದಾದರೆ ಓರೆ ಕಣ್ಣಿಗೆ ಹೊಡೆಯುತ್ತದೆ, ಆಗ ಗೆರೆಯನ್ನೇ ಸರಿಸಿ. ಕೊಯ್ದ ಅಂಚು ಪಕ್ಕದ ಗೋಡೆಯ ಟೈಲ್ಸಿನಡಿ ಅಡಗಲಿ. ಮೂಲೆಯಲ್ಲಿ 2-3 ಮಿ.ಮೀ. ಸಂದು ಬಿಟ್ಟು ಸಿಲಿಕಾನ್ ತುಂಬಿ. ಗ್ರೌಟ್ (ಟೈಲ್ಸಿನ ಸಂದಿಗೆ ತುಂಬುವ ಸಿಮೆಂಟಿನ ಕಲಸು) ಅಲ್ಲಿ ಬಿರಿಯುತ್ತದೆ.

ಮೂರರಲ್ಲಿ ಯಾವುದನ್ನು ಮಾಡಿದರೂ ನೆಲದ ಓರೆ ಉಳಿದೇ ಉಳಿಯುತ್ತದೆ. ನೆಲದ ಸಾಲನ್ನು ಬಾಗಿಲ ಗೋಡೆಗೆ ಸರಿಯಾಗಿ ಹಿಡಿದು, ಓರೆ ತುಂಡುಗಳನ್ನು ಕಮೋಡಿನ ಹಿಂದಕ್ಕೆ ಹಾಕಿ.