ಬಿಟ್‌ಲಾಕರ್ ಸಾಕಾ, ವೆರಾಕ್ರಿಪ್ಟ್ ಬೇಕಾ?

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಓಡಾಡುವವರಿಗೆ ಬರೀ ಲಾಗಿನ್ ಪಾಸ್‌ವರ್ಡ್ ಸಾಲದು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಫೈಲೆಲ್ಲ ಕಾಣುತ್ತವೆ, ಅಲ್ವಾ? ಹಾಗಾಗದಂತೆ ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಯವರು ಓದಲಾಗದ ಹಾಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ಸಾಫ್ಟ್‌ವೇರ್‌ಗಳೇ ಬಿಟ್‌ಲಾಕರ್ ಮತ್ತು ವೆರಾಕ್ರಿಪ್ಟ್.

ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್ ಸುಲಭ. ಒಮ್ಮೆ ಆನ್ ಮಾಡಿದರೆ ಅದು ಇದೆ ಅನ್ನೋದೇ ಮರೆತುಹೋಗುತ್ತದೆ. ಡಿಸ್ಕ್ ತೆರೆಯದೆ ಹೋದಾಗ ಬೇಕಾಗುವ 48 ಅಂಕಿಯ ರಿಕವರಿ ಕೀ ಮಾತ್ರ ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡವೇ ಬೇಡ.

ವೆರಾಕ್ರಿಪ್ಟ್ ಉಚಿತ, ವಿಂಡೋಸ್ ಹೋಮ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ, ಸೋರ್ಸ್ ಕೋಡನ್ನೂ ಯಾರು ಬೇಕಾದರೂ ನೋಡಬಹುದು. ಆದರೆ ತಲೆನೋವು ಜಾಸ್ತಿ. ಪಾಸ್‌ವರ್ಡ್ ಮರೆತರೆ ಡೇಟಾ ಹೋಯ್ತು ಅಂತಲೇ ಲೆಕ್ಕ, ಅಂಥ ರಿಕವರಿ ಕೀ ಇದರಲ್ಲಿಲ್ಲ.

ಆಫೀಸಿನ ವಿಂಡೋಸ್, ಮನೆಯ ಲಿನಕ್ಸ್ ಎರಡಕ್ಕೂ ಒಂದೇ ಪೆನ್‌ಡ್ರೈವ್ ಹಾಕುವವರಿಗೆ ನಾನಂತೂ ವೆರಾಕ್ರಿಪ್ಟನ್ನೇ ಹೇಳುತ್ತೇನೆ, ಆಫೀಸಿನವರು ಇನ್‌ಸ್ಟಾಲ್ ಮಾಡಲು ಬಿಟ್ಟರೆ.